ಕಾಳು ಮತ್ತು ಕಲ್ಲು

"ನಿನ್ನ ಬೇಳೆ ನನ್ನ ಹತ್ತಿರ ಬೇಯೋದಿಲ್ಲ" ಎಂದು ತರಗತಿಯ ತುಂಟ ಹುಡುಗರಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ ನಿಜವಾಗಿಯೂ ಬೇಳೆ ಬೇಯದೆ ಕಂಗಾಲಾದವಳು ನಾನೇ. ನನ್ನ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಕರಗುತ್ತಿತ್ತು. ಕೊಟ್ಟ ಊರು ಅರಸೀಕೆರೆ. ಇಲ್ಲಿ ಬೋರ್‌ವೆಲ್ಲಿನ ಗಡಸು ನೀರು. ಕುಕ್ಕರು ಐದು ಸಲ ಕೂಗಿದರೂ ಹುರುಳಿಕಾಳು ಗೋಲಿಯಂತೆ ಉರುಳಾಡುತ್ತಿತ್ತು. ಬಿ.ಎಡ್. ಮಾಡಿದ ಸೊಸೆಗೆ ಒಂದು ಹಿಡಿ ಕಾಳು ಬೇಯಿಸಲು ಬಾರದು ಎಂದು ಯಾರೂ ಅನ್ನಲಿಲ್ಲ. ಅನ್ನದಿದ್ದದ್ದೇ ಹೆಚ್ಚು ಚುಚ್ಚುತ್ತಿತ್ತು.

ನಮ್ಮ ಅತ್ತೆ ಓದಿದ್ದು ಮೂರನೇ ಇಯತ್ತೆ. ಆದರೆ ಕಾಳಿನ ವಿಷಯದಲ್ಲಿ ಅವರ ಪಾಠ ಪಕ್ಕಾ. ಉಪ್ಪು, ಹುಣಸೆಹುಳಿ ಎರಡೂ ಕಾಳು ಬೆಂದ ಮೇಲೆಯೇ. ಹಳೆಯ ವರ್ಷದ ಕಾಳನ್ನೂ ಹೊಸದನ್ನೂ ಬೆರೆಸಕೂಡದು; ಒಂದು ಬೆಂದಿರುತ್ತದೆ, ಇನ್ನೊಂದು ಬೆಂದಿರುವುದಿಲ್ಲ. ಮಳೆಗಾಲದಲ್ಲಿ ಹೆಂಚಿನಿಂದ ಇಳಿದ ನೀರನ್ನು ಬೇಳೆ ಬೇಯಿಸಲೆಂದೇ ಹಿಡಿದಿಡುತ್ತಿದ್ದರು. ಗಡಸು ನೀರಿನ ಸುಣ್ಣದ ಅಂಶವೂ ಹುಳಿಯೂ ಕಾಳು ಮೆತ್ತಗಾಗುವುದನ್ನು ತಡೆಯುತ್ತವೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಹುರುಳಿ ಬಸ್ಸಾರು ನಾನು ಕಲಿತದ್ದೂ ಅವರಿಂದಲೇ. ರಾತ್ರಿ ನೆನೆಹಾಕಿ, ಬೆಳಿಗ್ಗೆ ತೇಲಿದ ಜಳ್ಳನ್ನು ಚೆಲ್ಲಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಬೇಕು. ಬೇಸಿಗೆಯಲ್ಲಿ ಒಂದು ದಿನಕ್ಕೆ, ಚಳಿಗಾಲದಲ್ಲಿ ಎರಡು ದಿನಕ್ಕೆ ಮೊಳಕೆ ಬಟ್ಟೆಯಿಂದ ಇಣುಕುತ್ತದೆ. ಬೇಯಿಸಿ ಬಸಿದ ಕಟ್ಟಿಗೆ ಒಂದು ಹಿಡಿ ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆಹಣ್ಣು, ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಿಸಿ ಮುದ್ದೆಯ ಜೊತೆ ಮಾರನೆಯ ದಿನವೇ ಹೆಚ್ಚು ರುಚಿ.

ಆದರೆ ನಾನು ಹೇಳಹೊರಟಿದ್ದು ಅಡುಗೆಗೂ ಮುಂಚಿನ ಕೆಲಸದ ಬಗ್ಗೆ. ಆಗ ಕಾಳು ಹಳ್ಳಿಯಿಂದ ಮೂಟೆಯಲ್ಲಿ ಬರುತ್ತಿತ್ತು. ಕಣದ ಮಣ್ಣು, ಹೆಂಟೆ, ಹುಳ ಕೊರೆದ ಕಾಳು, ಎಲ್ಲಕ್ಕಿಂತ ಹೆಚ್ಚಾಗಿ ಹುರುಳಿಯದೇ ಬಣ್ಣ, ಹುರುಳಿಯದೇ ಗಾತ್ರದ ಕಲ್ಲು. ಭಾನುವಾರ ಮಧ್ಯಾಹ್ನ ಜಗುಲಿಯಲ್ಲಿ ಮೊರ ಹಿಡಿದು ಅತ್ತೆ ಕೂತರೆಂದರೆ ಅವರ ರಾಜ್ಯ. ಕೇರಿ, ಆರಿಸಿ, ಹಸನು ಮಾಡಿ, ಬೇವಿನೆಲೆ ಹಾಕಿ ಡಬ್ಬಿ ತುಂಬುವವರೆಗೆ ಮೊರವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

2003ರಲ್ಲಿ ಇರಬೇಕು, ಯಜಮಾನರ ಸೋದರಮಾವ ಊಟಕ್ಕೆ ಬಂದಿದ್ದರು. ಎರಡನೇ ತುತ್ತಿಗೆ 'ಕಟಕ್' ಎಂದಿತು. ಅವರು ಏನೂ ಆಗದವರಂತೆ ಕಲ್ಲನ್ನು ತೆಗೆದು ಎಲೆಯ ಅಂಚಿಗಿಟ್ಟು ಊಟ ಮುಂದುವರಿಸಿದರು. ಬಡಿಸುತ್ತಿದ್ದ ಅತ್ತೆಯ ಕೈ ಒಂದು ಗಳಿಗೆ ನಿಂತಿತು. ಮುಂದಿನ ವಾರ ಅವರು ಬೆಳಕಿಗೆಂದು ಜಗುಲಿಯ ತುದಿಗೆ ಸರಿದು ಕೂತು, ಒಂದು ಸೇರು ಕಾಳಿಗೆ ಎರಡು ಗಂಟೆ ತೆಗೆದುಕೊಂಡರು. ಆದರೂ ಡಬ್ಬಿಯಲ್ಲಿ ಕೈಯಾಡಿಸಿದರೆ ನನಗೆ ನಾಲ್ಕು ಕಲ್ಲು ಸಿಕ್ಕವು. ಅವರ ಕಣ್ಣಿಗೆ ಪೊರೆ ಬಂದಿತ್ತು.

ಅಂದಿನಿಂದ ಅವರು ಮಲಗಿದ ಮೇಲೆ, ನೆನೆಹಾಕುವ ಕಾಳನ್ನು ನಾನು ಅಡುಗೆಮನೆಯಲ್ಲಿ ಇನ್ನೊಮ್ಮೆ ಆರಿಸತೊಡಗಿದೆ. ಪ್ರೀತಿಯಿಂದ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಕಲ್ಲು ಸಿಕ್ಕರೆ ಸೊಸೆಯ ತಲೆಗೆ ಬರುತ್ತದೆ ಎಂಬ ಅಂಜಿಕೆಯೂ ಇತ್ತು. ಕೊನೆಗೂ ಒಂದು ಕೆಲಸದಲ್ಲಿ ಅವರನ್ನು ಮೀರಿಸಿದೆ ಎಂಬ ಸಣ್ಣ ಹಿಗ್ಗೂ ಇತ್ತು. ಹೀಗೆ ಎರಡು ವರ್ಷ ನಡೆಯಿತು.

ಒಂದು ಬೆಳಿಗ್ಗೆ ಕಾಫಿ ಲೋಟ ಕೈಗೆ ತೆಗೆದುಕೊಳ್ಳುತ್ತಾ ಅತ್ತೆ ಅಂದರು: "ರಾತ್ರಿ ಕಾಳು ಆರಿಸುವಾಗ ಮೊರ ಕುಟ್ಟಬೇಡ ಕಣೇ. ಸದ್ದಿಗೆ ನಿದ್ದೆ ಹೋಗುತ್ತೆ."

ನನಗೆ ನಿಂತ ನೆಲ ಕುಸಿದಂತಾಯಿತು. "ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ?" ಎಂದೆ.

"ಹೇಳಿದ್ರೆ ಮೊರ ನನ್ನ ಕೈಯಿಂದ ಹೋಗ್ತಿತ್ತು. ಆಮೇಲೆ ಈ ಮನೇಲಿ ನಾನು ಮಾಡೋದಾದರೂ ಏನಿತ್ತು?"

ಕಣ್ಣು ಕಾಣುವುದಿಲ್ಲವೆಂದು ಒಪ್ಪಿಕೊಂಡರೆ ಮೂಲೆಗೆ ಸರಿಸುತ್ತಾರೆಂದು ಅವರು ಹೆದರಿದ್ದರು. ಅವರ ಮಾನ ಉಳಿಸುತ್ತಿದ್ದೇನೆಂದುಕೊಂಡು ನಾನೂ ಸುಮ್ಮನಿದ್ದೆ. ಇಬ್ಬರ ಮೌನದಲ್ಲಿ, ಚಿಕಿತ್ಸೆಯಿಂದ ಸರಿಹೋಗುವ ಕಾಯಿಲೆ ಎರಡು ವರ್ಷ ಬೆಳೆಯಿತು. ದಿನಾ ಮಕ್ಕಳಿಗೆ ಬುದ್ಧಿ ಹೇಳುವ ನಾನು, ಮನೆಯಲ್ಲಿ ಹೇಳಬೇಕಾದ ಒಂದೇ ಒಂದು ಮಾತನ್ನು ನುಂಗಿಕೊಂಡಿದ್ದೆ.

ಅದೇ ತಿಂಗಳು ಪೊರೆ ತೆಗೆಸಿದೆವು. ವೈದ್ಯರು ಅಪ್ಪಣೆ ಕೊಟ್ಟ ಮರುದಿನವೇ ಅತ್ತೆ ನಾನು ಹಸನು ಮಾಡಿಟ್ಟಿದ್ದ ಡಬ್ಬಿಯನ್ನು ಮೊರಕ್ಕೆ ಸುರುವಿಕೊಂಡು ಮೂರು ಕಲ್ಲು ಹೆಕ್ಕಿ ನನ್ನ ಅಂಗೈ ಮೇಲಿಟ್ಟರು. "ಎರಡು ವರ್ಷದಲ್ಲಿ ಇನ್ನೆಷ್ಟು ತಿನ್ನಿಸಿದ್ದೀಯೋ!" ಎಂದು ನಕ್ಕರು. ನಾನೂ ನಕ್ಕೆ. ಆ ಮನೆಗೆ ಬಂದು ಅಷ್ಟು ವರ್ಷದಲ್ಲಿ ನಾವಿಬ್ಬರೂ ಹಾಗೆ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಅತ್ತೆ 2014ರಲ್ಲಿ ತೀರಿಕೊಂಡರು. ವಿಶ್ವಸಂಸ್ಥೆ ಅಂತರರಾಷ್ಟ್ರೀಯ ದ್ವಿದಳ ಧಾನ್ಯ ವರ್ಷವೆಂದು ಘೋಷಿಸಿದ್ದ 2016ರಲ್ಲಿ ನಾನು ಅವರ ಮೊರವನ್ನೇ ಶಾಲೆಗೆ ಒಯ್ದು ಮಕ್ಕಳ ಮುಂದೆ ಕಾಳು ಹರಡಿದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳಿಗೆ ಅದಕ್ಕಿಂತ ಕಲ್ಲು ಹುಡುಕುವ ಆಟವೇ ಹಿಡಿಸಿತು.

ಈಗ ಪೊಟ್ಟಣದ ಕಾಳಿನಲ್ಲಿ ಕಲ್ಲು ಅಪರೂಪ. ಹಳ್ಳಿಯಿಂದ ವರ್ಷಕ್ಕೊಮ್ಮೆ ಬರುವ ಹುರುಳಿಯನ್ನು ಮಾತ್ರ ನಾನೇ ಆರಿಸುತ್ತೇನೆ. ಕಳೆದ ಭಾನುವಾರ ಆರಿಸಿಟ್ಟು ಒಳಗೆ ಹೋದವಳು ಕನ್ನಡಕ ಮರೆತೆನೆಂದು ತಿರುಗಿ ಬಂದರೆ, ಸೊಸೆ ಮೊಬೈಲಿನ ಟಾರ್ಚು ಹಿಡಿದು ಮೊರದ ಮೇಲೆ ಬಗ್ಗಿದ್ದಳು. ನನ್ನನ್ನು ಕಂಡು ಟಾರ್ಚು ಆರಿಸಿದಳು. ಅವಳ ಮುಷ್ಟಿ ಬಿಗಿಯಾಗಿತ್ತು.

ನಾನು ಅವಳ ಎದುರಿಗೆ ಕೂತೆ. "ಎಷ್ಟು ಸಿಕ್ಕವು?" ಎಂದೆ.

ಅವಳು ಸ್ವಲ್ಪ ತಡೆದು ಅಂಗೈ ಬಿಡಿಸಿದಳು. ಐದು.

"ನಾಳೆ ಶಾಲೆ ಬಿಟ್ಟ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು" ಎಂದೆ.

"ನಾನೂ ಬರ್ತೀನಿ ಅತ್ತೆ" ಎಂದು, ಮೊರವನ್ನು ನಮ್ಮಿಬ್ಬರ ನಡುವೆ ಸರಿಸಿದಳು.