ನೂಲಿನಂಥ ಗರಗಸ

ಮೈಸೂರಿನ ಬೀಟೆಮರದ ಕುಸುರಿಯನ್ನು ನೋಡಿದವರು ಆನೆ, ಅಂಬಾರಿ, ತೆಂಗಿನ ತೋಪು ಎಂದು ಚಿತ್ರವನ್ನು ಹೊಗಳುತ್ತಾರೆ. ಆ ಚಿತ್ರದ ಒಂದೊಂದು ತುಣುಕನ್ನೂ ಕೊಯ್ದುಕೊಟ್ಟ ಅಲಗಿನ ಬಗ್ಗೆ ಯಾರೂ ಕೇಳುವುದಿಲ್ಲ. ಮಂಡಿ ಮೊಹಲ್ಲಾದ ಕಡೆ ತಲೆಮಾರುಗಳಿಂದ ಈ ಕಸುಬು ಮಾಡಿಕೊಂಡು ಬಂದವರಲ್ಲಿ ಮುಸ್ಲಿಮರು ಬಹಳ ಮಂದಿ. ಉರ್ದುವಿನಲ್ಲಿ ಆರಿ, ಕನ್ನಡದಲ್ಲಿ ಗರಗಸ. ಹೆಸರು ಬೇರೆಯಾದರೂ ಎರಡೂ ಭಾಷೆಯಲ್ಲಿ ಅದಕ್ಕೆ ಇರುವುದು ಹಲ್ಲೇ.

ಕಮಾನಿನಂಥ ಚೌಕಟ್ಟಿಗೆ ಬಿಗಿಯುವ ಈ ಅಲಗು ಸುಮಾರು 5 ಇಂಚು ಉದ್ದ, ದಪ್ಪ ನೂಲಿನಷ್ಟು ಅಗಲ. ನಂಬರು ಏರಿದಂತೆ ಅಲಗೂ ದಪ್ಪ. ಹೂವಿನ ಎಸಳಿಗೆ 1 ಅಥವಾ ಅದಕ್ಕೂ ಸಣ್ಣದು; ದಪ್ಪ ಹಲಗೆಗೆ 7, 9. ಮರದ ದಪ್ಪದೊಳಗೆ ಕನಿಷ್ಠ ಮೂರು ಹಲ್ಲುಗಳಾದರೂ ಇರಬೇಕು. ಕಡಿಮೆಯಾದರೆ ತೆಳು ಹಲಗೆ ಹಲ್ಲಿಗೆ ಸಿಕ್ಕಿ ಸೀಳುತ್ತದೆ. ದಪ್ಪ ಮರಕ್ಕೆ ತೀರಾ ಸಣ್ಣ ಹಲ್ಲು ಹಾಕಿದರೆ ಪುಡಿ ಹೊರಬರದೆ ಅಲಗು ಕಾಯುತ್ತದೆ, ಮರ ಕಪ್ಪಾಗುತ್ತದೆ.

ಬಿಗಿಯುವಾಗ ಹಲ್ಲುಗಳು ಹಿಡಿಯ ಕಡೆಗೆ, ಅಂದರೆ ಕೆಳಕ್ಕೆ ಮುಖ ಮಾಡಿರಬೇಕು. ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬೆರಳಾಡಿಸಿದರೆ ಚುಚ್ಚಿದಂತಾಗುವುದೇ ಗುರುತು. ತುದಿಗಳ ಎಣ್ಣೆ ಒರೆಸದಿದ್ದರೆ ಹಿಡಿತ ಜಾರುತ್ತದೆ. ಚಿತ್ರದ ನಡುವೆ ಕೊಯ್ಯಬೇಕಾದರೆ ಮೊದಲು ಸಣ್ಣ ರಂಧ್ರ ಕೊರೆದು, ಅಲಗನ್ನು ಅದರಲ್ಲಿ ತೂರಿಸಿ, ಆಮೇಲೆ ಬಿಗಿಯಬೇಕು. ಮೀಟಿದರೆ ತಂತಿಯಂತೆ ಎತ್ತರದ ಸ್ವರ ಬರಬೇಕು. ಮಂದ ಸದ್ದು ಬಂದರೆ ಅಲಗು ಸಡಿಲವೆಂದೇ ಅರ್ಥ. ಎಷ್ಟೋ ಅಲಗುಗಳ ಒಂದು ಅಂಚಿನಲ್ಲಿ ತಯಾರಿಕೆಯ ಒರಟು ಉಳಿದು, ಅವು ಗೆರೆ ಬಿಟ್ಟು ಒಂದು ಮಗ್ಗುಲಿಗೆ ಎಳೆಯುತ್ತವೆ. ಬಲ್ಲವನು ಅಲಗಿನೊಡನೆ ಜಗಳಕ್ಕಿಳಿಯುವುದಿಲ್ಲ, ಮರವನ್ನೇ ತುಸು ಓರೆ ಹಿಡಿಯುತ್ತಾನೆ. ಪಾತ್ರಗಳನ್ನು ನಮ್ಮ ಗೆರೆಗೇ ಎಳೆಯಲು ಹೆಣಗುವ ನಮ್ಮಂಥ ಕತೆಗಾರರಿಗೆ ಇದು ಒಳ್ಳೆಯ ಪಾಠ.

ಒಂದು ಕಾಲಕ್ಕೆ ಈ ಅಲಗುಗಳು ದಂತವನ್ನು ಕೊಯ್ದವು. 1912ರಲ್ಲಿ ಮುಗಿದ ಮೈಸೂರು ಅರಮನೆಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲನ್ನು ಇಂದಿಗೂ ನೋಡಬಹುದು. 1986 ಮತ್ತು 1991ರ ಕಾನೂನು ತಿದ್ದುಪಡಿಗಳು ದಂತದ ವ್ಯಾಪಾರ ನಿಲ್ಲಿಸಿದವು. ಅದು ನ್ಯಾಯವೇ. ಕಾರಿಗರರು ಹಲಸು, ಸಂಪಿಗೆಯಂಥ ಮರಗಳ ಸಹಜ ಬಣ್ಣಗಳನ್ನೂ ಪ್ಲಾಸ್ಟಿಕನ್ನೂ ನೆಚ್ಚಿದರು. ವಸ್ತು ಹೋದರೂ ಕೈ ಉಳಿಯಿತು.

ಈಗ ಹೋಗುತ್ತಿರುವುದು ಕೈ. ದಿನವಿಡೀ ಮರದ ಪುಡಿ ಉಸಿರಾಡುವ ತಂದೆ ಮಗನಿಗೆ ಬೇರೆ ಕೆಲಸ ಹುಡುಕಿದರೆ ಆತನನ್ನು ದೂರುವುದು ಹೇಗೆ? ಯಂತ್ರ ಕೊಯ್ದ ಮಾಲಿನ ಬೆಲೆ ತೋರಿಸಿ ಚೌಕಾಸಿ ಮಾಡುವ ನಾವು, ಕಲೆ ಅಳಿಯುತ್ತಿದೆಯೆಂದು ಸಭೆಗಳಲ್ಲಿ ಕೊರಗುವುದರಲ್ಲಿ ಅರ್ಥವಿಲ್ಲ. ಪ್ರವಾದಿ ಝಕರಿಯಾ (ಅ) ಬಡಗಿಯಾಗಿದ್ದರೆಂದು ಹದೀಸ್ ಹೇಳುತ್ತದೆ. ಅವರನ್ನು ಗೌರವಿಸುವ ಸಮುದಾಯ ತನ್ನ ಬಡಗಿಗೆ ಪೂರಾ ಕೂಲಿಯನ್ನು ಕೊಡಲು ಕಲಿಯಬೇಕು.