ತೂಬಿನ ಬುಡದ ಗದ್ದೆ

ಯಲಹಂಕ ಹೋಬಳಿಯ ನಮ್ಮೂರಿನ ಕೆರೆಯ ಏರಿಯ ಮೇಲೆ ಈಗ ಟಾರು ರಸ್ತೆಯಿದೆ. ಅಚ್ಚುಕಟ್ಟಿನ ಗದ್ದೆಗಳಿದ್ದೆಡೆಯಲ್ಲಿ ಬಡಾವಣೆ ಎದ್ದಿದೆ. ಕಳೆದ ಕಾರ್ತಿಕದಲ್ಲಿ ಅಲ್ಲಿಗೆ ಹೋಗಿದ್ದಾಗ ಮೊಮ್ಮಗನು ಕೆರೆಯೊಳಗೆ ನಿಂತಿದ್ದ ಎರಡು ಕಲ್ಲುಕಂಬಗಳನ್ನು ತೋರಿಸಿ, "ತಾತ, ಅದು ಗುಡಿಯೇ?" ಎಂದು ಕೇಳಿದನು. ತೂಬು ಎಂದೆನು. ತೂಬೆಂದರೇನೆಂದು ವಿವರಿಸಹೊರಟಾಗ ಅರುವತ್ತು ವರ್ಷಗಳ ಹಿಂದಿನ ಸಂಗತಿಯೊಂದು ಮನಸ್ಸಿಗೆ ಬಂದಿತು. ಅದನ್ನು ಅವನಿಗೆ ಹೇಳಲಾಗಲಿಲ್ಲ.

ವರ್ಷವಿಡೀ ಹರಿಯುವ ಹೊಳೆ ನಮ್ಮ ಸೀಮೆಯಲ್ಲಿಲ್ಲ. ಆದುದರಿಂದಲೇ ಹಿರಿಯರು ತಗ್ಗುಗಳಿಗೆ ಅಡ್ಡಲಾಗಿ ಏರಿ ಹಾಕಿ, ಒಂದರ ಕೋಡಿ ಬಿದ್ದರೆ ಮುಂದಿನದು ತುಂಬುವಂತೆ ಕೆರೆಗಳನ್ನು ಪೋಣಿಸಿದರು. ಜಕ್ಕೂರಿನ ಕೋಡಿಯ ನೀರು ರಾಚೇನಹಳ್ಳಿಯ ಕೆರೆಗೆ ಇಳಿಯುವುದು ಹೀಗೆಯೇ.

ಕೆರೆ ಊರಿನದಾದರೂ ತೂಬಿನ ಬೆಣೆಯನ್ನು ಎತ್ತುವ, ಇಳಿಸುವ ಅಧಿಕಾರ ನೀರುಗಂಟಿಯೊಬ್ಬನದು. ಎಷ್ಟೇ ದೊಡ್ಡ ಹಿಡುವಳಿದಾರನಾದರೂ ತನ್ನ ಗದ್ದೆಯ ಬಾಯನ್ನು ತಾನೇ ತೆರೆಯುವಂತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಲ್ಲಿಯೂ ಅವನಿಗೆ ಧಾನ್ಯದ ಆಯ ಸಲ್ಲುತ್ತಿತ್ತು. ನಮ್ಮೂರಿನ ನೀರುಗಂಟಿಗೆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯಿರಲಿಲ್ಲ. ಆತನು ಪಕ್ಷಪಾತವಿಲ್ಲದೆ ನಡೆದುಕೊಳ್ಳಲು ಅರ್ಧ ಕಾರಣ ಅದೇ ಎಂದು ನನ್ನ ಎಣಿಕೆ. ಆತನ ಕೈಯಿಂದ ಒಂದು ಚೊಂಬು ನೀರನ್ನು ಊರಿನ ಯಾರೂ ಕುಡಿಯುತ್ತಿರಲಿಲ್ಲ. ಊರು ಉಣ್ಣುತ್ತಿದ್ದ ಅನ್ನವೆಲ್ಲ ಆತನು ಬಿಟ್ಟ ನೀರಿನಲ್ಲಿ ಬೆಳೆದದ್ದು. ಕಾಯಕದ ಮಾತನ್ನು ನಿತ್ಯವೂ ಆಡುತ್ತಿದ್ದ ನಮ್ಮ ಮನೆಯಲ್ಲಿಯೂ ಇದು ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಕೆರೆ ತುಂಬಿದ ವರ್ಷ ಹಂಚಿಕೆ ಕಷ್ಟವಲ್ಲ. ತುಂಬದ ವರ್ಷ ಊರಿನವರು ಏರಿಯ ಮೇಲೆ ಸೇರುತ್ತಿದ್ದರು. ಏರಿಯ ಒಳಮೈಯ ಕಲ್ಲುಕಟ್ಟಿನಲ್ಲಿ ನೀರು ಯಾವ ಕಲ್ಲಿಗೆ ನಿಂತಿದೆಯೆಂದು ನೋಡಿ ನೀರುಗಂಟಿಯು ಇಷ್ಟು ಗದ್ದೆಗೆ ಸಾಕೆಂದು ಹೇಳುತ್ತಿದ್ದನು. ಅಷ್ಟನ್ನು ತೂಬಿನ ಬುಡದಿಂದ ಅಳೆದು, ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಯ ಪ್ರಮಾಣದಂತೆ ಆ ಒಂದು ಬೆಳೆಯ ಮಟ್ಟಿಗೆ ಹಂಚುತ್ತಿದ್ದರು. ಇದಕ್ಕೆ ದಾಮಾಷಾ ಎಂದು ಹೆಸರು. ಸ್ವಲ್ಪ ನೀರನ್ನು ಬಹುದೂರ ಹರಿಸಹೋದರೆ ಅದನ್ನು ಕಾಲುವೆಯೇ ಕುಡಿದುಬಿಡುತ್ತದೆ. ಆದ್ದರಿಂದ ಕೊನೆಯ ಗದ್ದೆಯವನೇ ನೀರಿದ್ದಲ್ಲಿಗೆ ಬಂದು, ಇನ್ನೊಬ್ಬನ ನೆಲದಲ್ಲಿ ನಾಟಿ ಮಾಡುತ್ತಿದ್ದನು.

ಆ ಇನ್ನೊಬ್ಬನ ನೆಲವೆಂದರೆ ನಮ್ಮದು. ನಮ್ಮ ಎರಡು ಎಕರೆ ತೂಬಿನ ಬುಡದಲ್ಲಿತ್ತು. 1965ರಲ್ಲಿ ಮಳೆ ಕೈಕೊಟ್ಟಿತು. ದಾಮಾಷಾದಂತೆ ನಮಗೆ ಉಳಿದದ್ದು ಅರ್ಧ ಎಕರೆಗೂ ಕಡಿಮೆ. ಪಕ್ಕದ ಮಡಿ ಕೊನೆಯ ಗದ್ದೆಯ ವಿಧವೆಯೊಬ್ಬಳಿಗೆ ಹೋಯಿತು. ತಂದೆಯವರು ಸಭೆಯಲ್ಲಿ ಒಪ್ಪಿದರು. ಮನೆಗೆ ಬಂದ ಮೇಲೆ ಒಪ್ಪಲಿಲ್ಲ. ನನ್ನ ಗೊಬ್ಬರ ತಿಂದ ನೆಲ ಪರರಿಗೆ ಬೆಳೆಯುವುದೇ ಎಂದು ಊಟದ ಹೊತ್ತಿನಲ್ಲೆಲ್ಲ ಅದೇ ಮಾತು.

ಪೈರು ತೆನೆ ಕಟ್ಟುವ ಕಾಲಕ್ಕೆ ಒಂದು ರಾತ್ರಿ ನನ್ನ ಕೈಗೆ ಲಾಟೀನು ಕೊಟ್ಟು ಕರೆದೊಯ್ದರು. ನನಗಾಗ ಹನ್ನೊಂದು ವರ್ಷ. ಆಕೆಯ ಮಡಿಗೆ ಹರಿಯುತ್ತಿದ್ದ ನೀರಿಗೆ ಮಣ್ಣು ಹಾಕಿ ನಮ್ಮ ಬಾಯನ್ನು ತೆರೆದರು. ಏರಿಯ ಮೇಲೆ ಮಲಗಿದ್ದ ನೀರುಗಂಟಿಯು ಬಂದನು.

"ಸ್ವಾಮಿ, ಈ ಸರದಿ ಆಯಮ್ಮಂದು."

"ನನ್ನ ಗದ್ದೆಗೆ ನೀರು ಬಿಡೋಕೆ ನಿನ್ನ ಕೇಳಬೇಕೇನೋ? ಸರ್ಕಾರವೇ ನಿನ್ನ ಕೆಲಸ ತೆಗೆದುಹಾಕಿದೆ."

ಅದು ಸುಳ್ಳಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದುಪಡಿಸಿತ್ತು; ಊರು ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ತೆಗೆದಿರಬೌದು ಸ್ವಾಮಿ. ಈವೊತ್ತಿನ ಸರದಿ ಆಯಮ್ಮಂದು" ಎಂದು ಹೇಳಿ, ಸನಿಕೆಯಿಂದ ನಮ್ಮ ಬಾಯನ್ನು ಮುಚ್ಚಿ, ಆತನು ಬದುವಿನ ಮೇಲೆಯೇ ಬೆಳಗಿನವರೆಗೆ ಕುಳಿತನು. ಮರುದಿನ ಊರಿನವರ ಮುಂದೆಯೂ ಹೇಳಿದನು. ತಂದೆಯವರು ದಂಡ ತೆತ್ತರು.

ಸುಗ್ಗಿಯಲ್ಲಿ ಆತನು ನಮ್ಮ ಕಣಕ್ಕೆ ಬಂದಾಗ, ಪ್ರತಿವರ್ಷ ಕೊಡುತ್ತಿದ್ದುದರಲ್ಲಿ ಅರ್ಧವನ್ನು ಮಾತ್ರ ಅಳೆಯೆಂದು ತಂದೆಯವರು ನನಗೆ ಹೇಳಿದರು. ನಾನು ಅಳೆದೆನು. ಆತನು ಎಣಿಸಲಿಲ್ಲ, ಟವೆಲಿನಲ್ಲಿ ಕಟ್ಟಿಕೊಂಡು ಹೋದನು. ತಂದೆಯವರು ಮುಂದೆ ಆ ವಿಷಯವನ್ನು ಎತ್ತಲೇ ಇಲ್ಲ. ದೊಡ್ಡವನಾದ ಮೇಲೆ ಆತನ ಮನೆಗೆ ಹೋಗಬೇಕೆಂದುಕೊಂಡೆನು. ಓದು, ನೌಕರಿ ಎಂದು ಕಾಲ ಕಳೆಯಿತು. ಹೋಗುವ ಹೊತ್ತಿಗೆ ಆತನಿರಲಿಲ್ಲ.

ಈಗ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ, ಚಿಕ್ಕಬಳ್ಳಾಪುರ ಜಿಲ್ಲೆ ಮತ್ತು ಸುತ್ತಲಿನ 65 ಕೆರೆಗಳಿಗೆ ತುಂಬುವ ಯೋಜನೆ ನಡೆದಿದೆ. ನನ್ನ ತಂಗಿಯನ್ನು ಕೊಟ್ಟ ಊರು ಆ ಕಡೆಯದು. ಅಲ್ಲಿಯ ಕೆರೆ ವರ್ಷಗಳ ಮೇಲೆ ತುಂಬಿರುವುದನ್ನು ಕಂಡು ಸಂತೋಷವಾಯಿತು. ಆದರೆ ತೂಬು ಮುಚ್ಚಿಯೇ ಇದೆ. ಈ ನೀರು ಅಂತರ್ಜಲಕ್ಕೆಂದೇ ಬಂದುದು, ನೇರವಾಗಿ ಬೆಳೆಗೆ ಬಿಡುವಂತಿಲ್ಲ. ಆಗಲಿ, ಬತ್ತಿದ್ದ ಕೊಳವೆ ಬಾವಿಗಳಲ್ಲಿ ನೀರು ಬಂದಿದೆಯಂತೆ.

"ಹಂಚಿಕೆ ಹೇಗಪ್ಪ?" ಎಂದು ತಂಗಿಯ ಮಗನನ್ನು ಕೇಳಿದೆನು.

"ಎಂಥ ಹಂಚಿಕೆ ಮಾವ? ಪಕ್ಕದವರು ನಮಗಿಂತ ಆಳಕ್ಕೆ ಕೊರೆಸಿದ್ದಾರೆ" ಎಂದನು. ಅಷ್ಟರಲ್ಲಿ ತ್ರೀಫೇಸ್ ಕರೆಂಟು ಬಂದಿತು. ಸುತ್ತಲಿನ ತೋಟಗಳ ಮೋಟಾರುಗಳೆಲ್ಲ ಒಟ್ಟಿಗೇ ಸದ್ದು ಮಾಡತೊಡಗಿದವು. ಅವನು ತಟ್ಟೆಯನ್ನು ಬಿಟ್ಟು ಎದ್ದು ಓಡಿದನು.