ಮುತ್ತಜ್ಜಿಯ ತಾಯಿಯ ತವರು

ಎಡಿನ್‌ಬರೋದಲ್ಲಿ, ಕುದುರೆಯೇರಿದ ವೆಲ್ಲಿಂಗ್ಟನ್ ಪ್ರತಿಮೆಯ ಹಿಂದೆಯೇ ಜನರಲ್ ರಿಜಿಸ್ಟರ್ ಹೌಸ್. ಸ್ಕಾಟ್ಲೆಂಡಿನ ಹಳೆಯ ದಾಖಲೆಗಳ ಮನೆ ಅದು. ಕೆನಡಾದ ನನ್ನ ಗೆಳತಿಗೆ ತನ್ನ ಮುತ್ತಜ್ಜಿಯ ತಾಯಿ ಯಾವ ಊರಿನವಳೆಂದು ತಿಳಿಯಬೇಕಿತ್ತು. ಮನೆಯಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ.

ಇಲ್ಲಿ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಶುರುವಾದದ್ದು 1855ರಲ್ಲಿ. ಆ ಮೊದಲ ವರ್ಷ ಏನೇನು ಬರೆಸಿಕೊಂಡಿದ್ದಾರೆ ಗೊತ್ತೆ? ಮಗುವಿನ ಅಪ್ಪ–ಅಮ್ಮನ ವಯಸ್ಸು, ಹುಟ್ಟೂರು, ಮದುವೆಯಾದ ದಿನ, ಅಣ್ಣ–ಅಕ್ಕಂದಿರಲ್ಲಿ ಬದುಕಿರುವವರೆಷ್ಟು, ತೀರಿಹೋದವರೆಷ್ಟು ಎಂಬುದೂ! ಕೆಲಸ ವಿಪರೀತವಾಯಿತೆಂದು ಮರುವರ್ಷವೇ ಇವನ್ನೆಲ್ಲ ಕೈಬಿಟ್ಟರು. ನಮ್ಮ ಪುಣ್ಯ, ಮುತ್ತಜ್ಜಿ ಹುಟ್ಟಿದ್ದು 1855ರಲ್ಲೇ.

ಕಂಪ್ಯೂಟರ್ ಪರದೆಯಲ್ಲಿ ಹಳೆಯ ಕೈಬರಹ ಮೂಡಿತು. ತಾಯಿಯ ಹೆಸರಿನೊಂದಿಗೆ ತವರಿನ ಮನೆತನದ ಹೆಸರೂ ಇತ್ತು. ಹುಟ್ಟೂರು ಸ್ಕೈ ದ್ವೀಪ. ಗೆಳತಿ ಆ ಸಾಲನ್ನು ಬೆರಳಿನಿಂದ ಸವರಿದಳು.

ಮರುದಿನ ಬೆಳಿಗ್ಗೆಯೇ ಸ್ಕೈ ಕಡೆಗೆ ಹೊರಟೆವು.